ಅಪ್ಪರ್ ಈಸ್ಟ್ ಸೈಡ್‌ನಲ್ಲಿ ಒಂದು ಬೆಡ್‌ರೂಮಿನ ಕೋ-ಆಪ್: ಕರಾರಿಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಮೂರನೇ_ಅವೆನ್ಯೂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮ್ಯಾನ್‌ಹಟನ್ನಿನ ಅಪ್ಪರ್ ಈಸ್ಟ್ ಸೈಡ್‌ನಲ್ಲಿ ಒಂದು ಬೆಡ್‌ರೂಮಿನ ಕೋ-ಆಪ್ ಫ್ಲ್ಯಾಟಿಗೆ ನಾವು ಹೇಳಿದ ಬೆಲೆಗೆ ಮಾರುವವರು ಒಪ್ಪಿದ್ದಾರೆ. ಕರಾರಿಗೆ ಇನ್ನೂ ಸಹಿ ಆಗಿಲ್ಲ.

1960ರ ದಶಕದ ಬಿಳಿ ಇಟ್ಟಿಗೆಯ ಕಟ್ಟಡ, ಫ್ಲ್ಯಾಟ್ 17ನೇ ಮಹಡಿಯಲ್ಲಿ. ಬೆಲೆ 8.5 ಲಕ್ಷ ಡಾಲರ್. ತಿಂಗಳ ಮೇಂಟೆನೆನ್ಸ್ 2,100 ಡಾಲರ್. ಫ್ಲ್ಯಾಟಿಗೆ 420 ಷೇರು, ಇಡೀ ಕಟ್ಟಡಕ್ಕೆ 40,000 ಷೇರು. ಬೆಲೆಯ ಶೇ. 75ಕ್ಕಿಂತ ಹೆಚ್ಚು ಸಾಲ ಮಾಡುವ ಹಾಗಿಲ್ಲ ಅನ್ನುವುದು ಕಟ್ಟಡದ ನಿಯಮ. ಅಡುಗೆಮನೆ ಒಳಗಡೆ ಇದೆ, ಕಿಟಕಿ ಇಲ್ಲ. ವಾಷಿಂಗ್ ಮಷೀನ್ ಇಲ್ಲ.

ಬ್ಯಾಂಕಿನವರು ಸಾಲಕ್ಕೆ ಪೂರ್ವ ಒಪ್ಪಿಗೆ ಕೊಟ್ಟಿದ್ದಾರೆ. ಬ್ರೋಕರ್ "ಇನ್ನೇನು, ಮುಗಿದ ಹಾಗೇ" ಅನ್ನುತ್ತಿದ್ದಾರೆ. ಆದರೆ ಕೊಳ್ಳುವವರನ್ನು ಒಪ್ಪುವ ಅಥವಾ ಬೇಡ ಅನ್ನುವ ಬೋರ್ಡ್ (ಕಟ್ಟಡದ ಆಡಳಿತ ಮಂಡಳಿ) ಅನ್ನುವುದೊಂದಿದೆಯಲ್ಲ, ಅದರ ಲೆಕ್ಕಾಚಾರ ಏನೆಂದು ಯಾರೂ ಬಿಡಿಸಿ ಹೇಳುತ್ತಿಲ್ಲ. ನಾನು ಎಚ್-1ಬಿ ಮೇಲಿದ್ದೇನೆ. ಡೌನ್ ಪೇಮೆಂಟಿನ ಒಂದು ಪಾಲು ಬೆಂಗಳೂರಿನ ಎನ್‌ಆರ್‌ಇ ಖಾತೆಯಲ್ಲಿದೆ, ಇನ್ನೊಂದು ಪಾಲು ಮಾವನವರು ಕೊಡುತ್ತೇನೆಂದಿದ್ದಾರೆ. ಅಪ್ಪ-ಅಮ್ಮ ವರ್ಷಕ್ಕೆ ಐದಾರು ತಿಂಗಳು ಬಂದು ಇರುತ್ತಾರೆ. ಬೋರ್ಡ್ ಏನು ನೋಡುತ್ತದೆ, ನಾವು ಏನು ನೋಡಬೇಕು, ತಿಳಿದವರು ದಯವಿಟ್ಟು ಹೇಳಿ.

---

ಜಯನಗರ_ನಾಲ್ಕನೇ_ಬ್ಲಾಕ್

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ನೀವು ಫ್ಲ್ಯಾಟ್ ಕೊಳ್ಳುತ್ತಿಲ್ಲ. ಕಟ್ಟಡದ ಒಡೆತನ ಇರುವ ಕಂಪನಿಯ 420 ಷೇರು ಕೊಳ್ಳುತ್ತಿದ್ದೀರಿ. ಆ ಷೇರುಗಳ ಜೊತೆಗೆ ಫ್ಲ್ಯಾಟಿನಲ್ಲಿ ವಾಸಿಸುವ ಹಕ್ಕಿನ ಪತ್ರ ಬರುತ್ತದೆ, ಅದಕ್ಕೆ ಪ್ರೊಪ್ರೈಟರಿ ಲೀಸ್ ಅನ್ನುತ್ತಾರೆ. ನಿಮ್ಮ ಹೆಸರಿಗೆ ಕ್ರಯಪತ್ರ ಆಗುವುದಿಲ್ಲ. ನಮ್ಮ ಬೆಂಗಳೂರಿನ ಗೃಹ ನಿರ್ಮಾಣ ಸಹಕಾರ ಸಂಘದ ಸೈಟಿನ ಹಾಗೆ ಇದನ್ನು ಊಹಿಸಿಕೊಳ್ಳಬೇಡಿ, ಅಲ್ಲಿ ಕೊನೆಗೆ ನಿವೇಶನ ನಿಮ್ಮ ಹೆಸರಿಗೇ ನೋಂದಣಿ ಆಗುತ್ತದೆ. ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ಷೇರು ಸರ್ಟಿಫಿಕೇಟ್ ಕೊಡುತ್ತಾರಲ್ಲ, ಸ್ವಲ್ಪಮಟ್ಟಿಗೆ ಅದು ಹತ್ತಿರ.

ಇದರಿಂದ ಒಂದು ಲಾಭ ಕೂಡಲೇ ಸಿಗುತ್ತದೆ. ಷೇರಿನ ಮೇಲಿನ ಸಾಲ ಸ್ಥಿರಾಸ್ತಿಯ ಅಡಮಾನ ಅಲ್ಲವಾದ್ದರಿಂದ ಮಾರ್ಟ್‌ಗೇಜ್ ರೆಕಾರ್ಡಿಂಗ್ ಟ್ಯಾಕ್ಸ್ (ಅಡಮಾನ ನೋಂದಣಿ ತೆರಿಗೆ) ಇಲ್ಲ. ಇದೇ 6,37,500 ಡಾಲರ್ ಸಾಲವನ್ನು ನ್ಯೂಯಾರ್ಕ್ ನಗರದಲ್ಲಿ ಕಾಂಡೋ (ಫ್ಲ್ಯಾಟೇ ನಿಮ್ಮ ಹೆಸರಿಗೆ ಆಗುವ ಬಗೆ) ಮೇಲೆ ಮಾಡಿದ್ದರೆ ನೀವು ಶೇ. 1.925ರ ಲೆಕ್ಕದಲ್ಲಿ ಸುಮಾರು 12,270 ಡಾಲರ್ ಕಟ್ಟಬೇಕಿತ್ತು. ಟೈಟಲ್ ಇನ್ಶೂರೆನ್ಸ್ ಕೂಡ ಬೇಕಿಲ್ಲ. ವಕೀಲರು ಲಿಯನ್ ಸರ್ಚ್ (ಷೇರಿನ ಮೇಲೆ ಹಳೆಯ ಸಾಲ-ಬಾಕಿ ಇದೆಯೇ ಅನ್ನುವ ತಪಾಸಣೆ) ಮಾಡಿಸುತ್ತಾರೆ, ಷೇರಿನ ಮೇಲೆ ತನ್ನ ಸಾಲ ಇದೆ ಅನ್ನುವ ಯುಸಿಸಿ-1 ದಾಖಲೆಯನ್ನು ಬ್ಯಾಂಕು ಹಾಕುತ್ತದೆ, ಅಷ್ಟೇ. ಬೆಲೆ 10 ಲಕ್ಷಕ್ಕಿಂತ ಕೆಳಗಿರುವುದರಿಂದ ಮ್ಯಾನ್ಶನ್ ಟ್ಯಾಕ್ಸ್ (ದುಬಾರಿ ಮನೆಗಳ ಮೇಲಿನ ತೆರಿಗೆ) ಸಹ ಬರುವುದಿಲ್ಲ. 10 ಲಕ್ಷ ಮುಟ್ಟಿದರೆ ಪೂರ್ತಿ ಬೆಲೆಯ ಮೇಲೆ ಶೇ. 1, ಅದನ್ನು ಕಟ್ಟುವವರು ಕೊಳ್ಳುವವರು.

ಇನ್ನು ಬೋರ್ಡ್. ಬ್ಯಾಂಕಿನ ಒಪ್ಪಿಗೆಗೂ ಬೋರ್ಡಿನ ಒಪ್ಪಿಗೆಗೂ ಸಂಬಂಧವೇ ಇಲ್ಲ. ಬ್ಯಾಂಕು ಆದಾಯದ ಶೇ. 43ರವರೆಗೂ ಸಾಲದ ಹೊರೆ ಒಪ್ಪೀತು, ಈ ಭಾಗದ ಬೋರ್ಡುಗಳು ಸಾಮಾನ್ಯವಾಗಿ ಶೇ. 25ರಿಂದ 30ರ ಒಳಗೆ ನೋಡುತ್ತವೆ. ನಿಮ್ಮ ಲೆಕ್ಕವನ್ನೇ ಹಾಕೋಣ. 30 ವರ್ಷಕ್ಕೆ ಶೇ. 6.5 ಬಡ್ಡಿ ಅಂದುಕೊಂಡರೆ ಕಂತು ತಿಂಗಳಿಗೆ 4,029. ಮೇಂಟೆನೆನ್ಸ್ 2,100 ಸೇರಿಸಿ 6,129. ಇದು ಆದಾಯದ ಶೇ. 28ರ ಒಳಗೆ ಇರಬೇಕೆಂದರೆ ತೆರಿಗೆಗೆ ಮುಂಚಿನ ವರಮಾನ ವರ್ಷಕ್ಕೆ ಸುಮಾರು 2,63,000 ಡಾಲರ್ ಬೇಕು. ಶೇ. 25 ಅನ್ನುವ ಕಟ್ಟಡವಾದರೆ 2,94,000. ಕಾರಿನ ಕಂತು, ಓದಿನ ಸಾಲ ಇದ್ದರೆ ಅದೂ ಈ 6,129ಕ್ಕೆ ಸೇರುತ್ತದೆ.

ಜನ ಎಡವುವುದು ಎರಡನೇ ಲೆಕ್ಕದಲ್ಲಿ. ಕ್ಲೋಸಿಂಗ್ (ಉಳಿದ ಹಣ ಕಟ್ಟಿ ವ್ಯವಹಾರ ಮುಗಿಸುವುದು) ಆದ ಮೇಲೆ ಕೈಯಲ್ಲಿ ಎಷ್ಟು ನಗದು ಉಳಿಯುತ್ತದೆ ಅನ್ನುವುದನ್ನು ಬೋರ್ಡ್ ನೋಡುತ್ತದೆ. ಒಂದರಿಂದ ಎರಡು ವರ್ಷದ ಕಂತು ಮತ್ತು ಮೇಂಟೆನೆನ್ಸ್ ಉಳಿದಿರಬೇಕು. ಎರಡು ವರ್ಷ ಅಂದರೆ ನಿಮಗೆ 1,47,000. ಅದಕ್ಕೆ ಡೌನ್ ಪೇಮೆಂಟ್ 2,12,500 ಸೇರಿಸಿ, ವಕೀಲರು, ಬ್ಯಾಂಕಿನ ವಕೀಲರು, ಅರ್ಜಿ ಶುಲ್ಕ, ಸಾಮಾನು ಸಾಗಿಸುವ ಠೇವಣಿ ಎಲ್ಲಕ್ಕೂ ಸುಮಾರು 10,000 ಇಟ್ಟುಕೊಳ್ಳಿ. ಒಟ್ಟು 3.7 ಲಕ್ಷ ಡಾಲರ್. ಇದರಲ್ಲಿ 401(ಕೆ) ನಿವೃತ್ತಿ ಖಾತೆಯ ಹಣವನ್ನು ಬಹಳ ಬೋರ್ಡುಗಳು ಎಣಿಸುವುದಿಲ್ಲ. ಕೆಲಸದ ಕಂಪನಿ ಕೊಡುತ್ತೇನೆಂದು ಇನ್ನೂ ಕೈಗೆ ಬಾರದ ಷೇರುಗಳನ್ನಂತೂ ಯಾರೂ ಎಣಿಸುವುದಿಲ್ಲ. ಬೋನಸ್ ಇದ್ದರೆ ಎರಡು ಮೂರು ವರ್ಷದ ಸರಾಸರಿ ಹಿಡಿಯುತ್ತಾರೆ.

ಅರ್ಜಿಯ ಕಡತಕ್ಕೆ ಬೇಕಾಗುವುದು: ಸಹಿ ಆದ ಕರಾರು, ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ರಿಕಗ್ನಿಷನ್ ಅಗ್ರಿಮೆಂಟ್ ಮೂರು ಪ್ರತಿ (ಬ್ಯಾಂಕು ಮತ್ತು ಕಟ್ಟಡದ ಕಂಪನಿಯ ನಡುವಿನ ಒಪ್ಪಂದ, ಬಾಯಿಮಾತಿನಲ್ಲಿ ಆಜ್ಟೆಕ್ ಫಾರಂ), ಆಸ್ತಿ ಮತ್ತು ಸಾಲದ ಪಟ್ಟಿ, ಎರಡು ಮೂರು ವರ್ಷದ ತೆರಿಗೆ ರಿಟರ್ನ್, ಎರಡು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಪುಟಗಳೊಂದಿಗೆ, ಕೆಲಸದ ಪತ್ರ, ಈಗಿನ ಮನೆ ಮಾಲೀಕರ ಪತ್ರ, ಪರಿಚಯದವರ ಮತ್ತು ಜೊತೆ ಕೆಲಸ ಮಾಡಿದವರ ಪತ್ರಗಳು. ಪಟ್ಟಿಯಲ್ಲಿ ಬರೆದ ಪ್ರತಿ ಅಂಕಿಗೂ ಹಿಂದೆ ಒಂದು ಕಾಗದ ಇರಬೇಕು, ಆ ಕಾಗದದಲ್ಲೂ ಅದೇ ಅಂಕಿ ಇರಬೇಕು. ಖಾತೆಗೆ ಇದ್ದಕ್ಕಿದ್ದಂತೆ ಬಂದ ದೊಡ್ಡ ಮೊತ್ತ ಕಂಡರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಅದರ ಮೂಲವನ್ನು ಒಂದು ಪುಟದಲ್ಲಿ ನೀವೇ ಬರೆದು ಮೊದಲೇ ಲಗತ್ತಿಸಿ.

ವೀಸಾ ವಿಚಾರ: ವಲಸೆ ಸ್ಥಿತಿ ಅಥವಾ ಮೂಲ ದೇಶ ನೋಡಿ ತಿರಸ್ಕರಿಸುವುದು ನಗರದ ಮಾನವ ಹಕ್ಕು ಕಾನೂನಿನ ಪ್ರಕಾರ ತಪ್ಪು. ಆದರೆ ಬೋರ್ಡುಗಳು ಸಾಮಾನ್ಯವಾಗಿ ಕಾರಣ ಹೇಳದೆಯೇ ಬೇಡ ಅನ್ನುತ್ತವೆ. ಹಾಗಾಗಿ ನಿಮ್ಮ ಹಣಕಾಸಿನ ಅಂಕಿಗಳು ಕನಿಷ್ಠ ಮಟ್ಟಕ್ಕಿಂತ ಸಾಕಷ್ಟು ಮೇಲಿರಲಿ. ಕೆಲಸದ ಪತ್ರದಲ್ಲಿ ಹುದ್ದೆ, ಸಂಬಳ, ಸೇರಿದ ದಿನ ಇದ್ದರೆ ಸಾಕು.

ಸಂದರ್ಶನ ಇಪ್ಪತ್ತು ಮೂವತ್ತು ನಿಮಿಷದ್ದು. ಅಲ್ಲಿಗೆ ಕರೆದರೆ ಅಂಕಿ-ಅಂಶ ಬಹುಮಟ್ಟಿಗೆ ಒಪ್ಪಿಗೆಯಾಗಿದೆ ಅಂತ ಅರ್ಥ. ಕೇಳಿದ್ದಕ್ಕೆ ಉತ್ತರ ಕೊಡಿ. ಅಡುಗೆಮನೆ ಒಡೆದು ಕಟ್ಟುವ ಮಾತು, ಬಾಡಿಗೆಗೆ ಕೊಡಬಹುದಾ ಅನ್ನುವ ಪ್ರಶ್ನೆ ಅಲ್ಲಿ ಎತ್ತಬೇಡಿ. ಬಾಡಿಗೆ ನಿಯಮ ಹೌಸ್ ರೂಲ್ಸ್‌ನಲ್ಲೇ ಬರೆದಿರುತ್ತದೆ: ಎಷ್ಟೋ ಕಡೆ ಮೊದಲ ಎರಡು ವರ್ಷ ಕೊಡುವಂತಿಲ್ಲ, ಆಮೇಲೆ ಐದು ವರ್ಷಕ್ಕೆ ಎರಡು ವರ್ಷ ಮಾತ್ರ.

ಕರಾರಿನ ದಿನ ಶೇ. 10, ಅಂದರೆ 85,000 ಡಾಲರ್, ಮಾರುವವರ ವಕೀಲರ ಎಸ್ಕ್ರೋ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಹಣ ಹಿಡಿದಿಡುವ ಖಾತೆ) ಹೋಗುತ್ತದೆ. ಬೋರ್ಡ್ ನಿರಾಕರಿಸಿದರೆ, ನಿಮ್ಮ ಕಡೆಯಿಂದ ಮೋಸ ಇಲ್ಲದಿದ್ದರೆ, ಮಾಮೂಲು ಕರಾರಿನ ಪ್ರಕಾರ ಅದು ವಾಪಸ್ ಬರುತ್ತದೆ. ಆದರೆ ಸಾಲ ಸಿಗದೇ ಹೋದರೆ ವಾಪಸ್ ಬರುವುದು ಸಾಲದ ಷರತ್ತು ಕರಾರಿನಲ್ಲಿ ಇದ್ದರೆ ಮಾತ್ರ. ಪೈಪೋಟಿ ಇದೆ, ಆ ಷರತ್ತು ಬಿಟ್ಟುಬಿಡಿ ಅಂತ ಬ್ರೋಕರ್ ಒತ್ತಾಯ ಮಾಡಿದರೆ ಬಿಡಬೇಡಿ.

---

ಲೆಡ್ಜರ್_ಪುಟ

ಮೇಲಿನವರು ಹೇಳಿದ್ದು ಬೋರ್ಡ್ ನಿಮ್ಮನ್ನು ಅಳೆಯುವ ಬಗೆ. ನೀವು ಕಟ್ಟಡವನ್ನು ಅದಕ್ಕಿಂತ ಬಿಗಿಯಾಗಿ ಅಳೆಯಬೇಕು, ಯಾಕೆಂದರೆ ಕಂಪನಿಯ ಸಾಲದಲ್ಲಿ ನಿಮಗೂ ಪಾಲು ಬರುತ್ತದೆ. ಫ್ಲ್ಯಾಟನ್ನು ಎರಡು ಸಲ ನೋಡಿದ್ದರೆ ಲೆಕ್ಕಪತ್ರವನ್ನು ನಾಲ್ಕು ಸಲ ಓದಿ.

ವಕೀಲರಿಂದ ಹಿಂದಿನ ಎರಡು ವರ್ಷದ ಆಡಿಟ್ ಆದ ಲೆಕ್ಕಪತ್ರ, ಈ ವರ್ಷದ ಬಜೆಟ್, ಆಫರಿಂಗ್ ಪ್ಲಾನ್ (ಕಟ್ಟಡ ಕೋ-ಆಪ್ ಆದಾಗಿನ ಮೂಲ ದಾಖಲೆ) ಮತ್ತು ತಿದ್ದುಪಡಿಗಳು, ಪ್ರೊಪ್ರೈಟರಿ ಲೀಸ್, ಹೌಸ್ ರೂಲ್ಸ್ ತರಿಸಿಕೊಳ್ಳಿ. ಬೋರ್ಡ್ ಸಭೆಗಳ ನಡಾವಳಿಯನ್ನು ವಕೀಲರೇ ಹೋಗಿ ಓದುತ್ತಾರೆ. ಕನಿಷ್ಠ ಎರಡು ವರ್ಷದ್ದು ಓದಲಿ. ತಿಗಣೆ, ಸೋರಿಕೆ, ನ್ಯಾಯಾಲಯದ ವ್ಯಾಜ್ಯ, ಲಿಫ್ಟ್ ಬದಲಾವಣೆ ಇವೆಲ್ಲ ವಿವರವಾಗಿ ಹೊರಗೆ ಬರುವುದು ನಡಾವಳಿಯಲ್ಲೇ.

ಲೆಕ್ಕಪತ್ರದಲ್ಲಿ ಮೊದಲು ಹುಡುಕಬೇಕಾದ್ದು ಅಂಡರ್‌ಲೈಯಿಂಗ್ ಮಾರ್ಟ್‌ಗೇಜ್, ಅಂದರೆ ಇಡೀ ಕಟ್ಟಡದ ಮೇಲೆ ಕಂಪನಿ ಮಾಡಿರುವ ಸಾಲ. ಆಡಿಟರ್ ಟಿಪ್ಪಣಿಗಳಲ್ಲಿ ಬಾಕಿ ಎಷ್ಟು, ಬಡ್ಡಿ ಎಷ್ಟು, ಅವಧಿ ಮುಗಿಯುವುದು ಯಾವಾಗ ಅಂತ ಬರೆದಿರುತ್ತದೆ. ಉದಾಹರಣೆಗೆ ಬಾಕಿ 1.2 ಕೋಟಿ ಡಾಲರ್ ಇದ್ದರೆ ಷೇರಿಗೆ 300, ನಿಮ್ಮ 420 ಷೇರಿಗೆ 1,26,000 ಡಾಲರ್. ಇದನ್ನು ನೀವು ಕಟ್ಟುವುದು ಮೇಂಟೆನೆನ್ಸ್ ಮೂಲಕ. ಆದರೂ ಪಕ್ಕದ ಬೀದಿಯ ಕಾಂಡೋ ಜೊತೆ ಬೆಲೆ ಹೋಲಿಸುವಾಗ ನಿಮ್ಮ ಫ್ಲ್ಯಾಟಿನ ಬೆಲೆ 8.5 ಅಲ್ಲ, 9.76 ಲಕ್ಷ ಅಂತ ಹಿಡಿಯಬೇಕು.

ಈ ಸಾಲಗಳಲ್ಲಿ ಹೆಚ್ಚಿನವು ಹತ್ತು ವರ್ಷದವು. ಎಷ್ಟೋ ಕಟ್ಟಡಗಳು ಬಡ್ಡಿ ಮಾತ್ರ ಕಟ್ಟುತ್ತಾ ಬಂದು, ಅವಧಿ ಮುಗಿದಾಗ ಅಸಲಿಗೆ ಅಸಲೇ ಹೊಸ ಸಾಲಕ್ಕೆ ಬದಲಾಯಿಸುತ್ತವೆ. ಹಳೆಯ ಸಾಲ ಶೇ. 3.25ರದು, ಹೊಸದು ಶೇ. 6.25 ಅಂದುಕೊಳ್ಳಿ. 1.2 ಕೋಟಿಗೆ ವರ್ಷದ ಬಡ್ಡಿ 3.9 ಲಕ್ಷದಿಂದ 7.5 ಲಕ್ಷಕ್ಕೆ ಏರುತ್ತದೆ. ಹೆಚ್ಚುವರಿ 3.6 ಲಕ್ಷವನ್ನು 40,000 ಷೇರಿಗೆ ಹಂಚಿದರೆ ಷೇರಿಗೆ 9 ಡಾಲರ್, ನಿಮಗೆ ವರ್ಷಕ್ಕೆ 3,780, ತಿಂಗಳಿಗೆ 315. ಕಟ್ಟಡದಲ್ಲಿ ಒಂದು ದೀಪ ಹೆಚ್ಚು ಉರಿಯದೆಯೂ ಮೇಂಟೆನೆನ್ಸ್ ಶೇ. 15 ಏರಿತು. ಹಾಗಾಗಿ ಅವಧಿ ಮುಗಿಯುವ ವರ್ಷ ಯಾವುದು ಅನ್ನುವುದೇ ನಾನು ಕೇಳುವ ಮೊದಲ ಪ್ರಶ್ನೆ.

ಎರಡನೆಯದು ಮೀಸಲು ನಿಧಿ. ಬಿಳಿ ಇಟ್ಟಿಗೆ ಕಟ್ಟಡ ಅಂದಿರಲ್ಲ, ಅದಕ್ಕೇ ಇದು ಮುಖ್ಯ. 1951ರ ಸುಮಾರಿಗೆ ಪೂರ್ವ 66ನೇ ಬೀದಿಯ ಮ್ಯಾನ್‌ಹಟನ್ ಹೌಸ್ ಬಂದ ಮೇಲೆ ಈ ಮೆರುಗಿನ ಬಿಳಿ ಇಟ್ಟಿಗೆ ಅಪ್ಪರ್ ಈಸ್ಟ್ ಸೈಡ್ ತುಂಬ ಹಬ್ಬಿತು. ಮಳೆಗೆ ತೊಳೆದುಕೊಂಡು ಬೆಳ್ಳಗೆ ಉಳಿಯುತ್ತದೆ ಅನ್ನುವ ಲೆಕ್ಕ. ತೊಂದರೆ ಏನೆಂದರೆ ಗಾರೆಯ ಸಂದಿನಿಂದ, ತಾರಸಿಯ ಪ್ಯಾರಪೆಟ್ ಗೋಡೆಯಿಂದ ನೀರು ಒಳಗೆ ಇಳಿಯುತ್ತದೆ, ಆದರೆ ಇಟ್ಟಿಗೆಯ ಮುಖದ ಗಾಜಿನಂಥ ಮೆರುಗು ಅದನ್ನು ಆರಲು ಬಿಡುವುದಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಟ್ಟಿಗೆಯ ಮುಖ ಹಪ್ಪಳದ ಹಾಗೆ ಎದ್ದು ಬರುತ್ತದೆ. ಪ್ರತಿ ಮಹಡಿಯ ಮಟ್ಟದಲ್ಲಿ ಇಟ್ಟಿಗೆ ಹೊತ್ತಿರುವ ಕಬ್ಬಿಣದ ಕೋನಪಟ್ಟಿ ತುಕ್ಕು ಹಿಡಿದು ಉಬ್ಬಿದರೆ ಅಡ್ಡಕ್ಕೆ ಉದ್ದನೆಯ ಬಿರುಕು ಬೀಳುತ್ತದೆ.

ಇದನ್ನು ನೀವೇ ನೋಡಬಹುದು. ಬೆಳಗಿನ ಬಿಸಿಲಿನಲ್ಲಿ ಎದುರು ಪಾದಚಾರಿ ಮಾರ್ಗದಲ್ಲಿ ನಿಂತು ಫೋನಿನ ಕ್ಯಾಮೆರಾ ಹಿಗ್ಗಿಸಿ ಮೂಲೆಗಳನ್ನು, ಪ್ಯಾರಪೆಟ್ ಕೆಳಗಿನ ನಾಲ್ಕೈದು ಸಾಲುಗಳನ್ನು, ಮಹಡಿ ಗೆರೆಗಳನ್ನು ನೋಡಿ. ಬಿಳುಪಿನಲ್ಲೇ ಬೇರೆ ಬಿಳುಪಿನ ತೇಪೆ, ಮುಖ ಉದುರಿ ಕಾಣುವ ಒರಟು ಇಟ್ಟಿಗೆ, ಮಹಡಿ ಮಟ್ಟದಲ್ಲಿ ಓಡುವ ಸಣ್ಣ ಕಪ್ಪು ಗೆರೆ. ಇಂಥವು ಅಲ್ಲೊಂದು ಇಲ್ಲೊಂದು ಇದ್ದರೆ ದುರಸ್ತಿ ನಡೆದಿದೆ ಎಂದರ್ಥ. ಇಡೀ ಗೋಡೆಗೆ ಹರಡಿದ್ದರೆ ಹೊರಮೈಯನ್ನೇ ಕಿತ್ತು ಹೊಸದಾಗಿ ಕಟ್ಟುವ ದಿನ ದೂರವಿಲ್ಲ.

ಆರು ಮಹಡಿ ಮೀರಿದ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಲೇಬೇಕು. 1979ರಲ್ಲಿ ಬ್ರಾಡ್‌ವೇಯಲ್ಲಿ ಕಟ್ಟಡದಿಂದ ಕಳಚಿಬಿದ್ದ ತುಂಡು ತಗುಲಿ ಬರ್ನಾರ್ಡ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಮೇಲೆ, 1980ರಲ್ಲಿ ಬಂದ ಕಾನೂನು ಇದು. ಆಮೇಲೆ ಬಿಗಿಯಾಗಿ ಲೋಕಲ್ ಲಾ 11 ಆಯಿತು. ಈಗ 2025ರ ಫೆಬ್ರವರಿಯಿಂದ ಹತ್ತನೇ ಸುತ್ತು ನಡೆಯುತ್ತಿದೆ. ನಿಮ್ಮ ಕಟ್ಟಡದ ಸರದಿ ಯಾವಾಗ ಅನ್ನುವುದು ನಗರದ ತೆರಿಗೆ ದಾಖಲೆಯಲ್ಲಿರುವ ಬ್ಲಾಕ್ ಸಂಖ್ಯೆಯ ಕೊನೆಯ ಅಂಕಿಯ ಮೇಲೆ ನಿಂತಿದೆ. 4, 5, 6, 9 ಮೊದಲು, ಆಮೇಲೆ 0, 7, 8, ಕೊನೆಗೆ 1, 2, 3. ಹಿಂದಿನ ಸುತ್ತಿನ ವರದಿಯಲ್ಲಿ ಸೇಫ್, ಸ್ವಾರ್ಮ್ಪ್, ಅನ್‌ಸೇಫ್ ಈ ಮೂರರಲ್ಲಿ ಯಾವುದಿತ್ತು ಕೇಳಿ. ಸ್ವಾರ್ಮ್ಪ್ ಅಂದರೆ ಈಗ ಅಪಾಯವಿಲ್ಲ, ಆದರೆ ಹೇಳಿದ ಗಡುವಿನೊಳಗೆ ದುರಸ್ತಿ ಆಗಬೇಕು ಅಂತ. ಆಗದಿದ್ದರೆ ಮುಂದಿನ ವರದಿಯಲ್ಲಿ ಅದು ಅನ್‌ಸೇಫ್ ಆಗುತ್ತದೆ, ಪಾದಚಾರಿ ಮಾರ್ಗದ ಮೇಲೆ ಶೆಡ್ ಬರುತ್ತದೆ, ದುರಸ್ತಿ ಮುಗಿಯುವವರೆಗೂ ಆ ಬಾಡಿಗೆ ಕಂಪನಿಯ ತಲೆಗೆ.

24 ಲಕ್ಷ ಡಾಲರಿನ ಗೋಡೆ ಕೆಲಸ ಬಂತು, ಮೀಸಲು ನಿಧಿ ಖಾಲಿ ಇದೆ ಅಂದುಕೊಳ್ಳಿ. ಷೇರಿಗೆ 60 ಡಾಲರ್. ನಿಮ್ಮ ಪಾಲು 25,200, ಎರಡು ವರ್ಷದ ಕಂತಿನಲ್ಲಿ ತಿಂಗಳಿಗೆ 1,050, ಮೇಂಟೆನೆನ್ಸ್ ಬಿಟ್ಟು. ಇದನ್ನೇ ಅಸೆಸ್‌ಮೆಂಟ್ ಅನ್ನುವುದು. ಬೋರ್ಡ್ ಈಗಾಗಲೇ ಘೋಷಿಸಿದ ಅಸೆಸ್‌ಮೆಂಟ್ ಯಾರು ಕಟ್ಟಬೇಕು ಅನ್ನುವುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಲೋಕಲ್ ಲಾ 97ರ ಬಗ್ಗೆ ಜನ ಗಾಬರಿ ಬೀಳುತ್ತಾರೆ. 25,000 ಚದರಡಿ ಮೀರಿದ ಕಟ್ಟಡ ಮಿತಿ ಮೀರಿ ಇಂಗಾಲ ಹೊರಸೂಸಿದರೆ ಟನ್ನಿಗೆ 268 ಡಾಲರ್ ದಂಡ. ನೂರು ಟನ್ ಮೀರಿದರೂ ವರ್ಷಕ್ಕೆ 26,800, ನಿಮ್ಮ ಪಾಲು ಸುಮಾರು 281. ದಂಡ ಸಣ್ಣದು. 2030ರಿಂದ ಮಿತಿ ಬಿಗಿಯಾಗುತ್ತದೆ, ಅಷ್ಟರಲ್ಲಿ ಬಾಯ್ಲರ್ ಬದಲಿಸಬೇಕಾಗಿ ಬಂದರೆ ಆ ಖರ್ಚು ದೊಡ್ಡದು. ಕಟ್ಟಡದ ಯೋಜನೆ ಏನು ಅಂತ ನಡಾವಳಿಯಲ್ಲಿ ಹುಡುಕಿಸಿ.

ಇನ್ನೆರಡು. ನೆಲ ಕಂಪನಿಯದೇ, ಅಥವಾ ಗುತ್ತಿಗೆಯದೇ? ಲ್ಯಾಂಡ್ ಲೀಸ್ ಕಟ್ಟಡವಾದರೆ ಬೆಲೆ ಎಷ್ಟೇ ಅಗ್ಗ ಕಂಡರೂ ನನ್ನ ಸಲಹೆ ಬೇಡ ಅಂತಲೇ. ಗುತ್ತಿಗೆ ನವೀಕರಣದ ದಿನ ಬಾಡಿಗೆ ಹಲವು ಪಟ್ಟು ಏರಬಹುದು, ಆಗ ನಿಮ್ಮ ಷೇರನ್ನು ಕೊಳ್ಳುವವರು ಇರುವುದಿಲ್ಲ. ಮತ್ತೆ ಫ್ಲಿಪ್ ಟ್ಯಾಕ್ಸ್ (ಷೇರು ಕೈಬದಲಾದಾಗ ಕಂಪನಿಗೆ ಕಟ್ಟುವ ಶುಲ್ಕ) ಎಷ್ಟು, ಯಾರು ಕಟ್ಟಬೇಕು? ಶೇ. 2 ಇದ್ದು ಮಾರುವವರೇ ಕಟ್ಟುವ ನಿಯಮವಾದರೆ ಇವತ್ತು ನಿಮಗೆ ಖರ್ಚಿಲ್ಲ, ನಾಳೆ ಇದೇ ಬೆಲೆಗೆ ಮಾರಿದರೂ 17,000 ಹೋಗುತ್ತದೆ.

---

ಮಲ್ಲೇಶ್ವರ_ಸಂಪಿಗೆ

ಊರಿನಿಂದ ಹಣ ತರುವ ವಿಚಾರ ಮಾತ್ರ ಹೇಳುತ್ತೇನೆ.

ಎನ್‌ಆರ್‌ಇ ಹಣಕ್ಕೆ ಮಿತಿ ಇಲ್ಲ, ನೇರವಾಗಿ ತರಬಹುದು. ಎನ್‌ಆರ್‌ಒ (ಊರಿನ ವರಮಾನ ಇಡುವ ಖಾತೆ) ಆದರೆ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ತೆರಿಗೆ ಕಟ್ಟಿದ್ದಕ್ಕೆ ಸಿಎ ಪ್ರಮಾಣಪತ್ರ ಬೇಕು. ನಿಮ್ಮ ಮಾವನವರು ಕಳಿಸುವುದು ಎಲ್‌ಆರ್‌ಎಸ್ (ಭಾರತದಲ್ಲಿರುವವರು ಹೊರದೇಶಕ್ಕೆ ಹಣ ಕಳಿಸುವ ಯೋಜನೆ) ಅಡಿ: ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್. 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತದೆ. ಅದು ಅವರ ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ ನಿಜ, ಆದರೆ ಅಷ್ಟು ದಿನ ಅವರ ಹಣ ಸಿಕ್ಕಿಹಾಕಿಕೊಂಡಿರುತ್ತದೆ. ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ. ಮಾರ್ಚ್ ಕೊನೆಗೆ ಒಂದು ಪಾಲು, ಏಪ್ರಿಲ್‌ನಲ್ಲಿ ಇನ್ನೊಂದು ಪಾಲು ಕಳಿಸಿದರೆ ಎರಡು ವರ್ಷದ ಮಿತಿಯೂ ಸಿಗುತ್ತದೆ.

ಇಲ್ಲಿನ ಕಡೆ: ವಿದೇಶದಲ್ಲಿರುವವರಿಂದ ವರ್ಷಕ್ಕೆ 1 ಲಕ್ಷ ಡಾಲರಿಗಿಂತ ಹೆಚ್ಚು ಉಡುಗೊರೆ ಬಂದರೆ ಅಮೆರಿಕದ ತೆರಿಗೆ ಇಲಾಖೆಗೆ ಫಾರಂ 3520 ಸಲ್ಲಿಸಬೇಕು. ತೆರಿಗೆ ಇಲ್ಲ, ಮಾಹಿತಿ ಮಾತ್ರ. ಮರೆತರೆ ದಂಡ ಉಡುಗೊರೆಯ ಶೇ. 25ರವರೆಗೂ ಹೋಗಬಹುದು. ಬೆಂಗಳೂರಿನ ಖಾತೆಗಳಿಗೆ ಎಫ್‌ಬಾರ್ (ವಿದೇಶಿ ಖಾತೆಗಳ ವರದಿ) ಹೇಗೂ ಸಲ್ಲಿಸುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯ: ಉಡುಗೊರೆ ಹಣವನ್ನು ಡೌನ್ ಪೇಮೆಂಟಿಗೆ ಒಪ್ಪದ ಬೋರ್ಡುಗಳೂ ಇವೆ. ಕರಾರಿಗೆ ಮುಂಚೆಯೇ ಮಾರುವವರ ಬ್ರೋಕರ್ ಮೂಲಕ ಕೇಳಿಸಿ. ಒಪ್ಪುತ್ತಾರಾದರೆ ಹಣ ಎರಡು ಮೂರು ತಿಂಗಳು ಮುಂಚೆ ಇಲ್ಲಿನ ಖಾತೆಗೆ ಬಂದು ಕೂತಿರಲಿ, ಗಿಫ್ಟ್ ಲೆಟರ್ ಮತ್ತು ರವಾನೆಯ ರಸೀದಿ ಜೊತೆಗಿರಲಿ.

---

ಮೂರನೇ_ಅವೆನ್ಯೂ

ಲೆಡ್ಜರ್ ಅವರೇ, ಲೆಕ್ಕಪತ್ರ ತೆಗೆದು ನೋಡಿದೆ. ಸಾಲದ ಅವಧಿ ಮುಂದಿನ ವರ್ಷವೇ ಮುಗಿಯುತ್ತದೆ, ಬಡ್ಡಿ ನೀವು ಹೇಳಿದಂತೆ ಮೂರು ಚಿಲ್ಲರೆ. ಬಾಕಿ ಮಾತ್ರ ನಿಮ್ಮ ಉದಾಹರಣೆಗಿಂತ ಕಡಿಮೆ, 70 ಲಕ್ಷ ಡಾಲರ್. ಇದಕ್ಕೆ ಬೆಲೆ ಇಳಿಸಿ ಎಂದು ಕೇಳಬಹುದಾ? ಹಾಗೇ ಅಡುಗೆಮನೆ, ವಾಷಿಂಗ್ ಮಷೀನ್ ವಿಚಾರ ಗೊತ್ತಿರುವವರು ಹೇಳಿ. ಒಗ್ಗರಣೆ ಘಾಟು ಕಾರಿಡಾರಿಗೆ ಹೋದರೆ ದೂರು ಬರುತ್ತದೆ ಅಂತ ಕೇಳಿದ್ದೇನೆ.

---

ಲೆಡ್ಜರ್_ಪುಟ

ಕೇಳಬಹುದು, ಕೇಳಬೇಕು. ಬಡ್ಡಿ ಶೇ. 3 ಏರಿದರೆ 70 ಲಕ್ಷಕ್ಕೆ ವರ್ಷಕ್ಕೆ 2.1 ಲಕ್ಷ ಹೆಚ್ಚು, ಷೇರಿಗೆ 5.25, ನಿಮಗೆ ತಿಂಗಳಿಗೆ ಸುಮಾರು 184 ಡಾಲರ್. ಹತ್ತು ವರ್ಷಕ್ಕೆ 22,000. ಈ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ವಕೀಲರ ಮೂಲಕ ಕಳಿಸಿ. ಅಂಕಿ ಅವರ ಕಂಪನಿಯದೇ ಆದ್ದರಿಂದ ಅಲ್ಲಗಳೆಯುವುದು ಕಷ್ಟ. ನಿಮ್ಮ ಬೋರ್ಡ್ ಲೆಕ್ಕದಲ್ಲೂ ಮೇಂಟೆನೆನ್ಸನ್ನು 2,284 ಅಂತಲೇ ಹಿಡಿದು ಶೇ. 28ರ ಒಳಗೆ ಬರುತ್ತೀರಾ ನೋಡಿಕೊಳ್ಳಿ.

---

ಹುಬ್ಬಳ್ಳಿ_ಎಂಜಿನಿಯರ್

ಅಡಿಗಿಮನಿ ವಿಷಯ ನಾ ಹೇಳ್ತೇನಿ ನೋಡ್ರಿ. ಆ ಕಾಲದ ಕಟ್ಟಡದಾಗ ಕಿಟಕಿ ಇಲ್ಲದ ಅಡಿಗಿಮನಿಗೆ ಗ್ವಾಡ್ಯಾಗ ಒಂದು ಜಾಳಿಗಿ ಇರ್ತದ. ಅದರ ಹಿಂದ ಕೆಳಗಿನ ಮಹಡಿಯಿಂದ ಮ್ಯಾಲಿನ ತಾರಸಿತನಕ ಒಂದೇ ಗಾಳಿ ಕೊಳವಿ, ತಾರಸಿ ಮ್ಯಾಲೆ ದೊಡ್ಡ ಫ್ಯಾನು. ನಿಮ್ಮ ಸಾಲಿನ ಎಲ್ಲಾ ಅಡಿಗಿಮನಿ ಗಾಳಿನೂ ಅದೇ ಎಳೀತದ.

ಮನಿ ನೋಡಾಕ ಹೋದಾಗ ಒಂದು ಟಿಶ್ಯೂ ಹಾಳಿ ಜಾಳಿಗಿಗೆ ಹಿಡೀರಿ. ಅಂಟಿಕೊಂಡು ನಿಂತರ ಕೊಳವಿ ಎಳಿಯಾಕತ್ತೈತಿ ಅಂತ ಅರ್ಥ. ಜಾರಿ ಬಿದ್ದರ ಕೊಳವಿ ಕಟ್ಟೇತಿ, ಇಲ್ಲಾ ಫ್ಯಾನ್ ಕೆಟ್ಟೈತಿ. ಆಮ್ಯಾಲೆ ಅದೇ ಹಾಳಿ ಮುಂಬಾಗಿಲದ ಕೆಳಗಿನ ಸಂದಿಗೆ ಹಿಡೀರಿ, ಕಿಟಕಿ ತಗದು ಒಮ್ಮೆ, ಮುಚ್ಚಿ ಒಮ್ಮೆ. ಹಾಳಿ ಒಳಗ ಬಾಗಿದರ ಗಾಳಿ ಕಾರಿಡಾರಿನಿಂದ ನಿಮ್ಮ ಮನಿಗೆ ಬರ್ತದ, ಘಾಟು ಹೊರಗ ಹೋಗಂಗಿಲ್ಲ. ಹೊರಗ ಬಾಗಿದರ ಒಗ್ಗರಣಿ ಹಾಕೂ ಮುಂದ ಆ ಕಿಟಕಿ ಮುಚ್ಚಿರಬೇಕು. ಎತ್ತರದ ಮಹಡ್ಯಾಗ ಗಾಳಿ ಬೀಸೂ ದಿಕ್ಕಿನ ಕಿಟಕಿ ತಗದರ ಒಳಗಿನ ಗಾಳಿನೆಲ್ಲಾ ಬಾಗಿಲದ ಕಡೆ ದೂಡ್ತದ.

ಇಲ್ಲಿ ಬಹಳ ಮಂದಿ ಮಾಡೋ ತಪ್ಪು: ಜೋರಿನ ಚಿಮಣಿ ತಂದು ಆ ಕೊಳವಿಗೆ ಜೋಡಸ್ತಾರ. ಅದನ್ನ ಮಾಡಬ್ಯಾಡ್ರಿ. ತಾರಸಿ ಫ್ಯಾನ್ ಎಳಿಯೂದಕ್ಕಿಂತ ನಿಮ್ಮ ಫ್ಯಾನ್ ಜೋರಾಗಿ ದೂಡಿದರ ಕೊಳವ್ಯಾಗ ಒತ್ತಡ ತಿರುಗಿ, ನಿಮ್ಮ ಸಾಸಿವಿ ಮೆಣಸಿನಕಾಯಿ ಘಾಟು ಮ್ಯಾಲಿನವರ ಜಾಳಿಗಿಯಿಂದ ಅವರ ಮನಿಗೆ ಹೊಕ್ಕತದ. ಕೊಳವಿ ಜಾಳಿಗಿ ಹಂಗ ಬಿಟ್ಟು, ಇದ್ದಿಲು ಫಿಲ್ಟರ್ ಇರೋ, ಗಾಳಿ ಒಳಗ ತಿರುಗಿಸೋ ಹುಡ್ ಹಾಕ್ರಿ. ಇದ್ದಿಲು ಫಿಲ್ಟರ್ ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ನಮ್ಮ ಅಡಿಗಿಗೆ ಆರು ತಿಂಗಳು ತಡೆಯಂಗಿಲ್ಲ. ಜಿಡ್ಡು ಹಿಡಿಯೋ ಲೋಹದ ಜಾಳಿಗಿ ಹದಿನೈದು ದಿನಕ್ಕೊಮ್ಮೆ ಬಿಸಿನೀರು ಸೋಪಿನ್ಯಾಗ ತೊಳೀರಿ. ಒಗ್ಗರಣಿಗೆ ಎಣ್ಣಿ ಹೊಗಿ ಏಳೂತನಕ ಕಾಸಬ್ಯಾಡ್ರಿ, ಸಣ್ಣ ಮುಚ್ಚಳ ಕೈಯಾಗಿರಲಿ.

ವಾಷಿಂಗ್ ಮಷೀನ್: ಹೌಸ್ ರೂಲ್ಸ್‌ನ್ಯಾಗ ಬ್ಯಾಡ ಅಂತಿದ್ದರ ಬ್ಯಾಡ. ಹಳೇ ಬಚ್ಚಲ ಪೈಪು ಆ ನೊರಿ ಸಲುವಾಗಿ ಮಾಡಿದ್ದಲ್ಲ. ಮ್ಯಾಲಿಂದ ಬಿದ್ದ ಸೋಪಿನ ನೊರಿ ಕೆಳಗಿನ ತಿರುವಿನ್ಯಾಗ ಸಿಕ್ಕು, ಎರಡನೇ ಮೂರನೇ ಮಹಡಿಯವರ ಸಿಂಕಿನ್ಯಾಗ ಉಕ್ಕತದ. ಕದ್ದು ಇಟ್ಟರ ಲೀಸ್ ಉಲ್ಲಂಘನೆ ಆಗ್ತದ, ಮಾರೂ ಮುಂದ ಸಿಕ್ಕಿಬೀಳ್ತೀರಿ. ಬೇಸ್‌ಮೆಂಟಿನ ಮಷೀನ್ ಎಷ್ಟವ ಅಂತ ಎಣಿಸಿ ಬರ್ರಿ, ಅದೂ ರವಿವಾರ ಮುಂಜಾನೆ ಹೋಗಿ.

ಕರೆಂಟು: ಫ್ಲ್ಯಾಟಿನ ಪ್ಯಾನೆಲ್ ತಗದು ಮೇನ್ ಎಷ್ಟು ಆಂಪ್ಸ್, ಒಳಗ ಎಷ್ಟು ಬ್ರೇಕರ್ ನೋಡ್ರಿ. 15 ಆಂಪ್ಸ್ ಸರ್ಕ್ಯೂಟಿಗೆ 120 ವೋಲ್ಟಿನ್ಯಾಗ 1,800 ವಾಟ್ಸ್ ಅಷ್ಟೇ ಗತಿ. ಕೆಟಲ್ 1,500, ಅದೇ ಸಾಲಿನ್ಯಾಗ ಎಸಿ ಇದ್ದರ ಟ್ರಿಪ್ ಆತು. ಊರಿನ 230 ವೋಲ್ಟಿನ ಗ್ರೈಂಡರ್ ತರಬ್ಯಾಡ್ರಿ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಏರಸ್ತದ, ಆದರ 60 ಹರ್ಟ್ಸ್ ಹಂಗ ಉಳೀತದ, ಮೋಟಾರ್ ಜೋರು ತಿರುಗಿ ಬಿಸಿ ಆಗ್ತದ. 110 ವೋಲ್ಟಿನವು ಇಲ್ಲೇ ಸಿಗ್ತಾವ. ಗ್ರೈಂಡರ್ ಕೆಳಗ ದಪ್ಪ ರಬ್ಬರ್ ಹಾಸ್ರಿ.

ಗ್ಯಾಸ್ ಪೈಪನ್ನ ಲೋಕಲ್ ಲಾ 152 ಪ್ರಕಾರ ನಾಕು ವರ್ಷಕ್ಕೊಮ್ಮೆ ತಪಾಸಣಿ ಮಾಡಸ್ತಾರ. ಸೋರಿಕಿ ಸಿಕ್ಕರ ಸಪ್ಲೈ ಬಂದ್ ಮಾಡ್ತಾರ, ಪರ್ಮಿಟ್, ಒತ್ತಡದ ಪರೀಕ್ಷೆ ಎಲ್ಲಾ ಮುಗಿದು ಮತ್ತ ಬರಾಕ ತಿಂಗಳುಗಟ್ಟಲೆ ಬೇಕು. ಈ ಕಟ್ಟಡದಾಗ ಹಂಗ ಆಗೇತೇನು ಅಂತ ಸೂಪರ್‌ಗೆ (ಕಟ್ಟಡದ ಮೇಲ್ವಿಚಾರಕಗ) ಕೇಳ್ರಿ. ಇಂಡಕ್ಷನ್ ಒಲಿ ಕೂಡಸಬೇಕಂದರ 240 ವೋಲ್ಟಿನ 40 ಇಲ್ಲಾ 50 ಆಂಪ್ಸ್ ಸಾಲು ಬೇಕು, ಹಳೇ ಪ್ಯಾನೆಲ್‌ನ್ಯಾಗ ಅದು ಹೆಚ್ಚಾಗಿ ಇರಂಗಿಲ್ಲ.

ರಿಪೇರಿ ಮಾಡಸ್ತೀರಂದರ ಆಲ್ಟರೇಶನ್ ಅಗ್ರಿಮೆಂಟ್ (ರಿಪೇರಿ ಸಲುವಾಗಿ ಕಟ್ಟಡದವರ ಕೂಡ ಮಾಡೋ ಕರಾರು) ಮೊದಲ ಓದ್ರಿ. ಕೆಳಗಿನವರ ಬೆಡ್‌ರೂಮಿನ ಮ್ಯಾಲೆ ನಿಮ್ಮ ಅಡಿಗಿಮನಿ ಅಥವಾ ಬಚ್ಚಲಾ ಸರಿಸಾಕ ಬಿಡಂಗಿಲ್ಲ. ಕೆಲಸ ವಾರದ ದಿನ ಮುಂಜಾನೆ 9ರಿಂದ ಸಂಜಿ 4-5ರ ತನಕ ಅಷ್ಟೇ. ನೆಲದ ಶೇ. 80 ಭಾಗ ಕಾರ್ಪೆಟ್ ಹಾಸಬೇಕು ಅನ್ನೋ ನಿಯಮನೂ ಇರ್ತದ, ಬಜೆಟ್‌ನ್ಯಾಗ ಹಿಡೀರಿ.

---

ಮಲ್ಲೇಶ್ವರ_ಸಂಪಿಗೆ

ತೆರಿಗೆ ವಿಚಾರ ಯಾರೂ ಹೇಳಲಿಲ್ಲ, ಹಾಗಾಗಿ ಎರಡು ಮಾತು. ಮೇಂಟೆನೆನ್ಸಿನ ಒಂದು ಭಾಗ ಆಸ್ತಿ ತೆರಿಗೆ ಮತ್ತು ಕಟ್ಟಡದ ಸಾಲದ ಬಡ್ಡಿ. ಇವನ್ನು ನಿಮ್ಮ ರಿಟರ್ನ್‌ನಲ್ಲಿ ಕಳೆಯಬಹುದು. ಷೇರಿಗೆ ಎಷ್ಟು ಅಂತ ಕಟ್ಟಡದವರು ಪ್ರತಿ ವರ್ಷ ಪತ್ರ ಕಳಿಸುತ್ತಾರೆ, 420ರಿಂದ ಗುಣಿಸಿದರೆ ಆಯಿತು. ನೀವೇ ವಾಸವಿದ್ದರೆ ನಗರದ ಕೋ-ಆಪ್ ತೆರಿಗೆ ರಿಯಾಯಿತಿ ಇದೆ, ಇಂಥ ದುಬಾರಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಶೇ. 17.5. ಆದರೆ ಬಹಳ ಬೋರ್ಡುಗಳು ಅದೇ ಮೊತ್ತದ ಅಸೆಸ್‌ಮೆಂಟ್ ಹಾಕಿ ಮೀಸಲು ನಿಧಿಗೆ ತೆಗೆದುಕೊಳ್ಳುತ್ತವೆ. ಅದು ಕೈಗೆ ಬರುತ್ತದೆಂದು ಲೆಕ್ಕ ಹಾಕಬೇಡಿ.

ಅಪ್ಪ-ಅಮ್ಮನ ವಿಚಾರಕ್ಕೆ ಪ್ರೊಪ್ರೈಟರಿ ಲೀಸ್‌ನಲ್ಲಿ ಫ್ಲ್ಯಾಟಿನಲ್ಲಿ ಯಾರು ವಾಸಿಸಬಹುದು ಅನ್ನುವ ಕಲಂ ಹುಡುಕಿ, ಎಷ್ಟೋ ಕಡೆ ಅದು 14ನೆಯದು. ಬಹಳ ಲೀಸ್‌ಗಳಲ್ಲಿ ಗಂಡ-ಹೆಂಡತಿ, ಮಕ್ಕಳು, ತಂದೆ-ತಾಯಿ, ಒಡಹುಟ್ಟಿದವರು ಅಂತ ಹೆಸರಿಸಿಯೇ ಬರೆದಿರುತ್ತದೆ, ಒಂದು ತಿಂಗಳ ಮಿತಿ ಉಳಿದ ಅತಿಥಿಗಳಿಗೆ. ನಿಮ್ಮ ಲೀಸ್‌ನಲ್ಲಿ ತಂದೆ-ತಾಯಿ ಅನ್ನುವ ಪದ ಇಲ್ಲದಿದ್ದರೆ ಕ್ಲೋಸಿಂಗ್‌ಗೆ ಮುಂಚೆಯೇ ಮ್ಯಾನೇಜಿಂಗ್ ಏಜೆಂಟರಿಂದ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಆಮೇಲೆ ಅವರು ಬರುವ ಮುಂಚೆ ಡೋರ್‌ಮ್ಯಾನ್ ಪಟ್ಟಿಯಲ್ಲಿ ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿರುವಂತೆ ಬರೆಸಿ, ಬೀಗದ ಕೈಯ ಇನ್ನೊಂದು ಜೊತೆಗೂ ಆಗಲೇ ಹೇಳಿಡಿ. ಕೆಲವು ಕಡೆ ಕೀ ನಕಲಿಗೆ ಏಜೆಂಟರ ಸಹಿ ಬೇಕು, ವಾರ ಹಿಡಿಯುತ್ತದೆ.